ಕಡಲಿಲ್ಲದ ಊರಿನಲ್ಲೊಂದು ಚಿತ್ರೋತ್ಸವ

ಚಲನಚಿತ್ರೋತ್ಸವ ಎಂಬ ಮಾತು ಕಿವಿಗೆ ಬಿದ್ದೊಡನೆ ಬಹುಮಂದಿಯ ಕಣ್ಣ ಮುಂದೆ ಕಡಲು ಬಂದು ನಿಲ್ಲುತ್ತದೆ. ಇದು ಕಾರಣವಿಲ್ಲದ ಕಲ್ಪನೆಯಲ್ಲ. ಫ್ರಾನ್ಸಿನ ಕಾನ್ ಇರುವುದು ಸಮುದ್ರದ ದಂಡೆಯ ಮೇಲೆ. ಇಟಲಿಯ ವೆನಿಸ್ ನಗರವಂತೂ ನೀರಿನ ಮೇಲೆಯೇ ನಿಂತಿದೆ. ನಮ್ಮ ದೇಶದ ಅಂತರರಾಷ್ಟ್ರೀಯ ಚಿತ್ರೋತ್ಸವವೂ 1952ರಲ್ಲಿ ಮುಂಬಯಿಯ ಸಮುದ್ರತೀರದಲ್ಲಿ ಹುಟ್ಟಿ, ಹಲವು ಊರುಗಳನ್ನು ಸುತ್ತಿ, 2004ರಲ್ಲಿ ಗೋವೆಯ ಪಣಜಿಗೆ ಬಂದು ನೆಲೆ ನಿಂತಿತು. ತೆಂಗಿನ ಮರ, ತಂಗಾಳಿ, ಕೆಂಪು ಜಮಖಾನೆ, ಅದರ ಮೇಲೆ ನಡೆದುಬರುವ ತಾರೆಯರು: ಉತ್ಸವವೆಂದರೆ ಇಷ್ಟೂ ಇರತಕ್ಕದ್ದೆಂದು ಜನ ನಂಬಿದ್ದಾರೆ.

ನಮ್ಮ ಗೊರೇಬಾಳದಲ್ಲಿ ಇವು ಯಾವುವೂ ಇಲ್ಲ. ಸಿಂಧನೂರಿನ ಸೀಮೆಯ ಈ ಊರಿಗೆ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ನೆಲವೆಂದರೆ ಎರೆಯ ನೆಲ. ನೀರು ಬರುವ ಮುನ್ನ ಇಲ್ಲಿಯ ಹಿರಿಯರು ಬಲ್ಲುದು ಕಡಲೆಯನ್ನೇ ಹೊರತು ಕಡಲನ್ನಲ್ಲ. ಇಂಥ ಊರಿನಲ್ಲಿ ಕಳೆದ ಚಳಿಗಾಲ, ಮುಂಗಾರಿನ ಭತ್ತದ ಕೊಯ್ಲು ಮುಗಿದು ಎರಡನೆಯ ಬೆಳೆಯ ನಾಟಿ ಮೊದಲಾಗುವ ನಡುವಣ ಬಿಡುವಿನಲ್ಲಿ, ನಾವು ಕೆಲವರು ಸೇರಿ ಮೂರು ಸಂಜೆಗಳ ಚಿತ್ರೋತ್ಸವವೊಂದನ್ನು ನಡೆಸಿದೆವು. ಅಂದಿನಿಂದ ಇಂದಿನವರೆಗೆ ಕಂಡವರೆಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಮಂದಿ ಬಂದಿದ್ದರು?" ಸಂಖ್ಯೆಯನ್ನು ಹೇಳುವುದು ಕಷ್ಟವಲ್ಲ. ಆದರೆ ಆ ಸಂಖ್ಯೆ ನಡೆದ ಸಂಗತಿಯನ್ನು ಹೇಳುವುದಿಲ್ಲವೆಂಬ ಕಾರಣದಿಂದ ಇದನ್ನು ಬರೆಯಬೇಕಾಯಿತು.

ಹೆಸರಿಗೆ ಸಾಗರ

ಈ ಹುಚ್ಚು ನನಗೆ ಹತ್ತಿದ್ದು ಎಲ್ಲಿಂದ ಎಂಬುದನ್ನು ಮೊದಲು ಒಪ್ಪಿಸಿಬಿಡುತ್ತೇನೆ. ತರುಣನಾಗಿದ್ದಾಗ, ಆಗತಾನೆ ಮಾಸ್ತರಿಕೆಗೆ ಸೇರಿದ್ದ ದಿನಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡಿಗೆ ಹೋಗಿದ್ದೆ. ತಾಲೂಕಿನ ಹೆಸರು ಸಾಗರವಾದರೂ ಅಲ್ಲಿರುವುದು ಅಡಕೆಯ ತೋಟಗಳೇ ಹೊರತು ಸಮುದ್ರವಲ್ಲ. ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಎಂದರೆ ನೀನಾಸಂ ಅನ್ನು, ನಾಟಕದ ಮೂಲಕ ಬಲ್ಲವರು ಬಹಳ. ಆದರೆ ಅದೇ ಸಂಘ 1973ರಲ್ಲಿ ಒಂದು ಚಿತ್ರಸಮಾಜವನ್ನು ತೆರೆಯಿತೆಂಬುದನ್ನೂ, ಹಳ್ಳಿಯವರಿಗೆ ಲೋಕದ ಶ್ರೇಷ್ಠ ಚಿತ್ರಗಳನ್ನು ತೋರಿಸುವ ಸಾಹಸಕ್ಕೆ ಕೈಹಾಕಿತೆಂಬುದನ್ನೂ ನೆನೆಯುವವರು ಕಡಿಮೆ.

ಆ ಹೊತ್ತಿಗೆ ಚಿತ್ರಸಮಾಜಗಳು ನಮ್ಮ ದೇಶಕ್ಕೆ ಹೊಸವೇನೂ ಆಗಿರಲಿಲ್ಲ. ಸತ್ಯಜಿತ್ ರಾಯ್ ಮತ್ತು ಚಿದಾನಂದ ದಾಸಗುಪ್ತರು ಗೆಳೆಯರೊಡನೆ ಕಲಕತ್ತೆಯಲ್ಲಿ ಅಂಥದೊಂದನ್ನು 1947ರಲ್ಲಿಯೇ ಕಟ್ಟಿದ್ದರು. 1959ರಲ್ಲಿ ಅಂಥ ಸಮಾಜಗಳ ಒಕ್ಕೂಟವೂ ಆಯಿತು. ಬೆಂಗಳೂರಿನ ಸುಚಿತ್ರಾ 1971ರಲ್ಲಿ ಮೊದಲಾಯಿತು. ಆದರೆ ಇವೆಲ್ಲವೂ ನಗರದವು, ಇಂಗ್ಲಿಷ್ ಬಲ್ಲವರವು. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳನ್ನು ಓದಲಾರದವನಿಗೆ ಜಪಾನಿನ ಚಿತ್ರ ಏನು ತಿಳಿದೀತು, ಇಟಲಿಯದು ಏನು ರುಚಿಸೀತು ಎಂಬ ಶಂಕೆ ಎಲ್ಲರಲ್ಲಿಯೂ ಇದ್ದಿತು. ಕೆ.ವಿ. ಸುಬ್ಬಣ್ಣನವರು ಆ ಶಂಕೆಯನ್ನು ವಾದಮಾಡಿ ಗೆಲ್ಲಲು ಹೋಗಲಿಲ್ಲ. ಚಿತ್ರಗಳನ್ನು ತರಿಸಿ ತೋರಿಸಿಬಿಟ್ಟರು. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಸತೀಶ ಬಹಾದ್ದೂರ್, ಇವರೆಲ್ಲರ ನೆರವು ಅವರಿಗಿದ್ದಿತು. ಹದಿನಾರು ಮಿಲಿಮೀಟರಿನ ಸುರುಳಿಗಳು ಪುಣೆಯಿಂದ ಮಲೆನಾಡಿನ ಆ ಹಳ್ಳಿಗೆ ಬಂದವು.

ನಾನು ಹೋಗಿದ್ದ ಶಿಬಿರದಲ್ಲಿ ನಾವು ಚಿತ್ರಗಳನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಚಿತ್ರಗಳ ಮುಂದೆ ಕುಳಿತು ಮಾತನಾಡಿದೆವು. ರಾಯ್ ಅವರ 'ಪಥೇರ್ ಪಾಂಚಾಲಿ'ಯನ್ನು ಒಮ್ಮೆ ಇಡಿಯಾಗಿ ನೋಡುವುದು; ಆಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿ ನೋಡುವುದು. ಮೊದಲು ಬಂದ ದೃಶ್ಯ ಮೊದಲೇ ಏಕೆ ಬಂದಿತು, ಅಲ್ಲಿ ಮಾತೇಕೆ ಇಲ್ಲ, ಆ ಮುಖವನ್ನು ಅಷ್ಟು ಹತ್ತಿರದಿಂದ ಏಕೆ ತೋರಿಸಿದರು ಎಂದು ಕೇಳಿಕೊಳ್ಳುವುದು. ನನ್ನ ಪಕ್ಕದಲ್ಲಿ ಕುಳಿತಿದ್ದ ತೋಟದ ಯಜಮಾನರೊಬ್ಬರು ಅಡಕೆ ಹೋಳನ್ನು ಬಾಯಿಗೆ ಹಾಕಿಕೊಳ್ಳುತ್ತ ನನಗಿಂತ ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಾಯರ್ ಅವರನ್ನು ಕುರಿತು 2012ರಲ್ಲಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ತಾವು ಅಂದು ನೋಡಿದ ಚಿತ್ರಗಳನ್ನು ಮನೆಯವರ ವಿಷಯ ಹೇಳುವಂತೆ ನೆನೆಸಿಕೊಳ್ಳುವುದನ್ನು ಈಗಲೂ ಕಾಣಬಹುದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡರು. ಆ ಶಿಬಿರದಿಂದ ನಾನು ಊರಿಗೆ ಹೊತ್ತು ತಂದ ಆಸೆ ಮಾತ್ರ ತೀರದೆ ಬಹುಕಾಲ ನನ್ನೊಳಗೇ ಉಳಿದಿದ್ದಿತು.

ಸಿದ್ಧತೆ

ಚಿತ್ರೋತ್ಸವ ನಡೆಸುವುದೆಂದರೆ ಚಿತ್ರಗಳನ್ನು ಆರಿಸುವ ಕೆಲಸವೆಂದು ತಿಳಿದಿದ್ದೆ. ಆರಿಸುವುದು ಒಂದು ಮಧ್ಯಾಹ್ನದ ಕೆಲಸ. ಉಳಿದ ಮೂರು ತಿಂಗಳು ಕಾಗದ ಬರೆಯುವುದರಲ್ಲಿ ಕಳೆಯುತ್ತವೆ.

ಮೊದಲನೆಯದು ಹಕ್ಕಿನ ಮಾತು. ಅಂಗಡಿಯಲ್ಲಿ ಕೊಂಡ ತಟ್ಟೆಯನ್ನೋ, ಎಲ್ಲಿಂದಲೋ ಇಳಿಸಿಕೊಂಡ ಪ್ರತಿಯನ್ನೋ ಮನೆಯಲ್ಲಿ ನೋಡುವುದು ಬೇರೆ. ಅದನ್ನೇ ಬಯಲಿನಲ್ಲಿ ಊರಿಗೆ ತೋರಿಸುವುದು ಬೇರೆ. ಚಿತ್ರದ ಹಕ್ಕು ಯಾರ ಕೈಯಲ್ಲಿದೆಯೋ ಅವರಿಂದ ಬರಹದ ಅನುಮತಿ ಬೇಕು. ಅದು ಸಾಮಾನ್ಯವಾಗಿ ಇಂಥ ದಿನ, ಇಂಥ ಜಾಗದಲ್ಲಿ, ಇಷ್ಟು ಪ್ರದರ್ಶನ ಎಂದು ಅಳೆದು ಕೊಡುವ ಅನುಮತಿ. ಎರಡನೆಯದು ಸೆನ್ಸಾರಿನ ಮಾತು. 1952ರ ಚಲನಚಿತ್ರ ಕಾಯಿದೆಯ ಪ್ರಕಾರ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಉತ್ಸವಗಳು ಇದಕ್ಕಾಗಿ ಕೇಂದ್ರ ಸರ್ಕಾರದಿಂದ ವಿನಾಯಿತಿಯನ್ನು ಪಡೆಯಬೇಕಾಗುತ್ತದೆ. ಮೂರನೆಯದು ಸ್ಥಳೀಯ ಒಪ್ಪಿಗೆಗಳು. ಒಂದು ಕಚೇರಿಗೆ ನಾನು ನಾಲ್ಕು ಸಲ ಎಡತಾಕಿದೆ. ನಾಲ್ಕನೆಯ ಸಲ ಅಲ್ಲಿಯವರು, "ಟಿಕೀಟು ಇಲ್ಲ, ಭಾಷಣ ಇಲ್ಲ, ಸನ್ಮಾನ ಇಲ್ಲ, ಮತ್ತ್ಯಾಕ ಮಾಡ್ತೀರಿ ಮಾಸ್ತರ್ರೇ?" ಎಂದು ಕೇಳಿದರು. ಕೇಳಿದ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಬೆರಗಿದ್ದಿತು. ನನ್ನ ಬಳಿ ಉತ್ತರವಿರಲಿಲ್ಲ.

ಯಂತ್ರದ ವಿಷಯದಲ್ಲಿ ಕಾಲ ನಮಗೆ ಉಪಕಾರ ಮಾಡಿದೆಯೆಂದೇ ಹೇಳಬೇಕು. ಹೆಗ್ಗೋಡಿನ ಕಾಲದ ಹದಿನಾರು ಮಿಲಿಮೀಟರಿನ ದೊಡ್ಡ ಸುರುಳಿಯೊಂದು 1600 ಅಡಿ ಉದ್ದ. ಸೆಕೆಂಡಿಗೆ 24 ಚಿತ್ರಗಳಂತೆ ಓಡಿದರೆ ಅದು ಸುಮಾರು 44 ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಯಂತ್ರವಿದ್ದರೆ ಸುರುಳಿ ಬದಲಿಸುವಾಗ ದೀಪ ಹಾಕಲೇಬೇಕು. ಸುರುಳಿ ಹರಿದರೆ ಅಂಟಿಸುವವರೆಗೆ ಜನ ಶಿಳ್ಳೆ ಹೊಡೆಯಲೇಬೇಕು. ಈಗ ಇಡೀ ಚಿತ್ರ ಅಂಗೈಯಗಲದ ಪೆಟ್ಟಿಗೆಯಲ್ಲಿ ಬರುತ್ತದೆ. ದೊಡ್ಡ ಚಿತ್ರಮಂದಿರಗಳಿಗೆ ಹೋಗುವ ಪ್ರತಿಗಳಿಗಾದರೋ ಗೊತ್ತಾದ ಹೊತ್ತಿನೊಳಗೆ ಮಾತ್ರ ತೆರೆಯುವ ಗುಪ್ತ ಬೀಗದ ಕೈಯೂ ಉಂಟು. ನಮ್ಮದು ಅಷ್ಟು ದೊಡ್ಡ ವ್ಯವಹಾರವಲ್ಲ. ಮೋಟಾರು ರಿವೈಂಡಿಂಗ್ ಮಾಡುವ ಮಿತ್ರರೊಬ್ಬರು ಬಾಡಿಗೆಯ ಪ್ರೊಜೆಕ್ಟರನ್ನೂ ಜನರೇಟರನ್ನೂ ನೋಡಿಕೊಂಡರು. ದರ್ಜಿಯೊಬ್ಬರು ಬಿಳಿಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಹೊಲಿದು, ಸುತ್ತಲೂ ನಾಲ್ಕು ಬೆರಳಿನ ಕಪ್ಪು ಅಂಚು ಕೊಟ್ಟು ಪರದೆ ಮಾಡಿದರು. ಆ ಕಪ್ಪು ಅಂಚಿನಿಂದ ಚಿತ್ರದ ಬೆಳಕು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು ಕಟ್ಟಿ ನೋಡಿದವರೇ ಬಲ್ಲರು. ಗಾಳಿ ಬೀಸಿದಾಗ ಅದು ಹಡಗಿನ ಹಾಯಿಯಂತೆ ಉಬ್ಬುತ್ತಿದ್ದಿತು. ಬಟ್ಟೆಯಲ್ಲಿ ಅಲ್ಲಲ್ಲಿ ಸಣ್ಣ ಸೀಳುಗಳನ್ನು ಮಾಡಿ ಗಾಳಿಗೆ ದಾರಿ ಬಿಟ್ಟೆವು.

ಆರಿಸಿದ ಚಿತ್ರಗಳು ಮೂರು: ವಿತ್ತೋರಿಯೊ ದೆ ಸಿಕಾ ಅವರ 'ಬೈಸಿಕಲ್ ಥೀವ್ಸ್', ರಾಯ್ ಅವರ 'ಪಥೇರ್ ಪಾಂಚಾಲಿ', ಅಕಿರಾ ಕುರೊಸಾವ ಅವರ 'ರಶೋಮನ್'. ಮೂರೂ ಹೆಗ್ಗೋಡಿನ ಋಣ.

ಮೊದಲ ಸಂಜೆ

ಮೊದಲ ಸಂಜೆ ಬಯಲು ತುಂಬಿದ್ದಿತು. ಟೂರಿಂಗ್ ಟಾಕೀಸುಗಳು ಹೋದ ಮೇಲೆ ನಮ್ಮ ಊರಿನ ಬಯಲಿನಲ್ಲಿ ಪರದೆ ಎದ್ದಿರಲಿಲ್ಲ. ನನ್ನ ಬಾಲ್ಯದಲ್ಲಿ ಡೇರೆಯ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಮೊಳಗಿತೆಂದರೆ, ಹೊಲದಲ್ಲಿದ್ದವರು ಕೂಡ ಆಟ ಮೊದಲಾಗಲು ಇನ್ನೆಷ್ಟು ಹೊತ್ತೆಂದು ಲೆಕ್ಕ ಹಾಕುತ್ತಿದ್ದರು. ಆ ನೆನಪಿನವರೆಲ್ಲರೂ ಮೊಮ್ಮಕ್ಕಳನ್ನು ಕರೆದುಕೊಂಡು ಚಾಪೆಯೊಡನೆ ಬಂದರು. ನಾನು ಸಂತೋಷದಿಂದ ಎರಡು ಮಾತು ಹೆಚ್ಚಾಗಿಯೇ ಆಡಿದೆ. 1948ರಲ್ಲಿ ತಯಾರಾದ ಚಿತ್ರವೆಂದೂ, ಲೋಕದ ಅತ್ಯುತ್ತಮ ಚಿತ್ರಗಳಲ್ಲಿ ಒಂದೆಂದೂ, ನಾಯಕನ ಪಾತ್ರ ಮಾಡಿದವನು ನಟನಲ್ಲ, ಕಾರ್ಖಾನೆಯ ಕೆಲಸಗಾರನೆಂದೂ ಹೇಳಿದೆ. ಕಥೆಯನ್ನು ಮಾತ್ರ ಹೇಳಲಿಲ್ಲ. ಮೊದಲೇ ಕಥೆ ಹೇಳಿದರೆ ರಸಭಂಗವಾದೀತೆಂಬ ನಗರದ ಶಾಸ್ತ್ರ ನನ್ನ ತಲೆಯಲ್ಲಿದ್ದಿತು.

ಚಿತ್ರ ನಡೆಯುವುದು ಒಂದೂವರೆ ಗಂಟೆ. ಅರ್ಧ ಗಂಟೆಯೊಳಗೆ ಚಾಪೆಗಳು ಏಳತೊಡಗಿದವು. ಯಾರೂ ಗಲಾಟೆ ಮಾಡಲಿಲ್ಲ. ಮದುವೆಯ ಮನೆಯಿಂದ ಊಟ ಸಿಗದೆ ಹೋಗುವವರಂತೆ, ನನ್ನ ಕಡೆಗೆ ನೋಡದೆ, ಸದ್ದಿಲ್ಲದೆ ಎದ್ದು ಹೋದರು. ಇಟಲಿಯ ಮಾತು, ಇಂಗ್ಲಿಷಿನ ಅಕ್ಷರ. ಪರದೆಯ ಮೇಲೆ ಒಬ್ಬ ಮನುಷ್ಯ ಬೀದಿಬೀದಿ ಅಲೆಯುತ್ತಿದ್ದಾನೆ. ಏತಕ್ಕೆ ಅಲೆಯುತ್ತಿದ್ದಾನೆಂದು ಬಯಲಿನಲ್ಲಿ ಕುಳಿತ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ಕೊನೆಯ ದೃಶ್ಯ ಬಂದಾಗ ಉಳಿದಿದ್ದವರು ನಾವು ಕಾರ್ಯಕರ್ತರು, ಕಾಲೇಜಿನ ನಾಲ್ವರು ಹುಡುಗರು, ಮತ್ತು ನಿದ್ದೆ ಹೋಗಿದ್ದ ಒಂದು ಮಗು. ಆ ಮಗುವಿನ ತಾಯಿ ಅದನ್ನು ಎತ್ತಿಕೊಳ್ಳುತ್ತ, "ಚಲೋ ಇತ್ತು ಸರ" ಎಂದಳು. ಅದು ಸುಳ್ಳೆಂದು ಅವಳಿಗೂ ಗೊತ್ತಿದ್ದಿತು, ನನಗೂ ಗೊತ್ತಿದ್ದಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹಳ್ಳಿಯವರಿಗೆ ಇವೆಲ್ಲ ಬೇಡವೆಂದು ಹೇಳುವುದು ಸುಲಭ. ಹಾಗೆ ಹೇಳಿ ಸಮಾಧಾನಪಟ್ಟುಕೊಂಡವರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ನಾಲ್ಕು ದಶಕ ಎದೆಯಲ್ಲಿಟ್ಟುಕೊಂಡು ಬಂದ ನಂಬಿಕೆ ಅರ್ಧ ಗಂಟೆಯಲ್ಲಿ ಚಾಪೆ ಸುತ್ತಿಕೊಂಡು ಹೋದದ್ದನ್ನು ಕಂಡ ಮೇಲೆ, ನಾನೂ ಆ ಸಮಾಧಾನದ ಹೊಸ್ತಿಲಿನವರೆಗೆ ಹೋಗಿ ನಿಂತಿದ್ದೆ.

ಸಾರಥಿ

ಎರಡನೆಯ ಸಂಜೆ 'ಪಥೇರ್ ಪಾಂಚಾಲಿ'. ಈ ಚಿತ್ರಕ್ಕೂ ನಮ್ಮ ಸೀಮೆಗೂ ಒಂದು ಸಂಬಂಧವಿರುವುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ನೆಲೆಸಿದ ಕ್ಯಾಂಪುಗಳನ್ನು ಓದುಗರು ಬಲ್ಲರು. ಅವುಗಳಲ್ಲಿ ಹಲವು ಕರಾವಳಿ ಆಂಧ್ರದಿಂದ ಬಂದ ರೈತರವು. ಅವಲ್ಲದೆ, ಅರ್ಧ ಶತಮಾನದ ಹಿಂದೆ ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಪುನರ್ವಸತಿ ಕ್ಯಾಂಪುಗಳೂ ಇದೇ ತಾಲೂಕಿನಲ್ಲಿವೆ. ಜನರ ಬಾಯಲ್ಲಿ ಅವು ಆರ್.ಎಚ್. ಕ್ಯಾಂಪುಗಳು. ನಮ್ಮ ಕರಪತ್ರ ಅದು ಹೇಗೋ ಅಲ್ಲಿಗೆ ಹೋಗಿದ್ದಿತು. ಸಂಜೆ ಟ್ರ್ಯಾಕ್ಟರಿನಲ್ಲಿ ಹತ್ತು ಹನ್ನೆರಡು ಮಂದಿ ಬಂದಿಳಿದರು. ಅವರಲ್ಲಿ ಬಿಳಿಯ ಸೀರೆಯುಟ್ಟ ಮುದುಕಿಯೊಬ್ಬಳು ನೇರವಾಗಿ ಮುಂದಿನ ಸಾಲಿಗೆ ಹೋಗಿ ಕುಳಿತಳು.

ಊರಿನವರು ಹಿಂದಿನ ದಿನದ ಅರ್ಧಕ್ಕಿಂತ ಕಡಿಮೆ ಇದ್ದರು. ಚಿತ್ರ ಮೊದಲಾಯಿತು. ದುರ್ಗಾ ಎಂಬ ಹುಡುಗಿ ಪಕ್ಕದವರ ತೋಟದಿಂದ ಪೇರಲಹಣ್ಣು ತಂದು ಮುದಿಯತ್ತೆಗೆ ಕೊಡುತ್ತಾಳೆ, ತೋಟದವಳು ಬಯ್ಯುತ್ತಾಳೆ, ತಾಯಿ ಅವಮಾನದಿಂದ ಒಳಗೊಳಗೇ ಕುದಿಯುತ್ತಾಳೆ. ಆಗ ಮುಂದಿನ ಸಾಲಿನಿಂದ ಮಾತು ಕೇಳಿಸಿತು. ಆ ಮುದುಕಿ ತನ್ನ ಪಕ್ಕದ ನಮ್ಮೂರಿನ ಹೆಣ್ಣುಮಗಳಿಗೆ, ನಾಟಿಯ ಗದ್ದೆಯಲ್ಲಿ ಕಲಿತ ತನ್ನ ಕನ್ನಡದಲ್ಲಿ, ಪರದೆಯ ಮಾತನ್ನು ಹೇಳುತ್ತಿದ್ದಳು: "ಈಕಿ ಹೇಳ್ತಾಳ, ನಿನ್ನ ಮಗಳು ಕಳ್ಳಿ. ಆಕಿ ಅವ್ವ ಸುಮ್ಮನ ಅದಾಳ. ಮಾತಾಡಂಗಿಲ್ಲ, ಬಡವರು."

ಹಿಂದಿನಿಂದ ಯಾರೋ, "ಸುಮ್ಮನ ಕೂಡಬೇ" ಎಂದು ಗದರಿದರು. ಮುದುಕಿ ಸುಮ್ಮನಾದಳು. ಎರಡು ನಿಮಿಷವಾಗಿರಲಿಲ್ಲ, ಪಕ್ಕದ ಹೆಣ್ಣುಮಗಳೇ ತಿರುಗಿ, "ಹೇಳಬೇ ಯವ್ವಾ, ಮುಂದೇನಂದ್ಲು?" ಎಂದು ಕೇಳಿದಳು. ಮುದುಕಿ ಮತ್ತೆ ಮೊದಲು ಮಾಡಿದಳು. ನೋಡನೋಡುತ್ತ ಬಯಲಿನ ಜನವೆಲ್ಲ ಮುಂದಕ್ಕೆ ಸರಿದು ಆಕೆಯ ಸುತ್ತ ಕುಳಿತರು. ಅಪು ಮತ್ತು ದುರ್ಗಾ ಹುಲ್ಲುಗಾವಲಿನಾಚೆಗೆ ರೈಲನ್ನು ನೋಡಲು ಓಡುವ ದೃಶ್ಯ ಬಂದಾಗ ಹುಡುಗರೆಲ್ಲ ಕೂಗಿಕೊಂಡರು; ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಅದನ್ನು ನೋಡಲು ತಾವು ಓಡಿದ ನೆನಪು ಅವರಲ್ಲಿ ಇನ್ನೂ ಹಸಿಯಾಗಿದ್ದಿತು.

ಚಿತ್ರದ ಕೊನೆಯ ಭಾಗ ಬಂದಿತು. ದುರ್ಗಾ ಮಳೆಯಲ್ಲಿ ನೆನೆದು, ಜ್ವರ ಬಂದು, ಬಿರುಗಾಳಿಯ ರಾತ್ರಿಯಲ್ಲಿ ತೀರಿಕೊಂಡಿದ್ದಾಳೆ. ಇದೊಂದನ್ನೂ ಅರಿಯದ ತಂದೆ ಪರಸ್ಥಳದಿಂದ ಮರಳಿ, ಮಗಳಿಗೆಂದು ತಂದ ಸೀರೆಯನ್ನು ಬಿಚ್ಚಿ ತಾಯಿಯ ಕೈಗೆ ಕೊಡುತ್ತಾನೆ. ತಾಯಿ ಬಾಯಿ ತೆರೆದು ಗೋಳಿಡುತ್ತಾಳೆ. ಆದರೆ ನಮಗೆ ಕೇಳಿಸುವುದು ಅವಳ ದನಿಯಲ್ಲ. ರಾಯ್ ಅವರು ಆ ಅಳುವನ್ನು ತೆಗೆದು, ಅಲ್ಲಿ ತಾರ್ ಶಹನಾಯ್ ಎಂಬ ವಾದ್ಯದ ಆರ್ತನಾದವನ್ನು ಇಟ್ಟಿದ್ದಾರೆ. ಹೆಗ್ಗೋಡಿನಲ್ಲಿ ಈ ಕೆಲವೇ ಕ್ಷಣಗಳನ್ನು ಕುರಿತು ನಾವು ಒಂದು ಬೆಳಿಗ್ಗೆ ಪೂರ್ತಿ ಚರ್ಚಿಸಿದ್ದೆವು. ಇಲ್ಲಿ ಮುದುಕಿ ಮಾತು ನಿಲ್ಲಿಸಿದಳು. ಮುಂದೇನೆಂದು ಯಾರೂ ಕೇಳಲಿಲ್ಲ. ಆ ಮೇಲೆ ಸಂಸಾರ ಎತ್ತಿನ ಗಾಡಿಯೇರಿ ಊರು ಬಿಡುತ್ತದೆ. ಬಿಟ್ಟ ಮನೆಯೊಳಕ್ಕೆ ಹಾವೊಂದು ಹರಿದುಹೋಗುತ್ತದೆ. ಆಗ ಮುದುಕಿ, ಯಾರಿಗೂ ಅಲ್ಲ, ತನಗೆ ತಾನೇ ಎಂಬಂತೆ, "ನಾವೂ ಹಿಂಗ ಬಂದ್ವಿ" ಎಂದಳು. ಅದೊಂದು ಮಾತನ್ನು ಅನುವಾದವೆನ್ನಲು ಬರುವಂತಿರಲಿಲ್ಲ.

ದೀಪ ಹಾಕಿದಾಗ ಯಾರೂ ಏಳಲಿಲ್ಲ. ಎಷ್ಟೋ ವರ್ಷಗಳಿಂದ ಸಂತೆಯಲ್ಲಿ, ಗದ್ದೆಯಲ್ಲಿ ಆ ಕ್ಯಾಂಪಿನವರನ್ನು ಕಂಡವರೇ ನಮ್ಮವರೆಲ್ಲ. ಅವರು ಊರು ಬಿಟ್ಟು ಬಂದ ಬಗೆಯನ್ನು ಅಂದು ಮೊದಲ ಸಲ ಕೇಳಿದರು. ಟ್ರ್ಯಾಕ್ಟರು ಹೊರಟಾಗ ರಾತ್ರಿ ಹನ್ನೊಂದು ಮೀರಿದ್ದಿತು.

ಮನೆಗೆ ನಡೆಯುತ್ತಿದ್ದಾಗ ದೊಡ್ಡಾಟದ ನೆನಪಾಯಿತು. ನಮ್ಮ ದೊಡ್ಡಾಟದಲ್ಲಿ ಯಾವ ವೇಷವೂ ಬಂದೊಡನೆ ಆಟ ಮೊದಲು ಮಾಡುವುದಿಲ್ಲ. ಸಾರಥಿ ಎದುರು ನಿಂತು ನೀನು ಯಾರು, ಎಲ್ಲಿಂದ ಬಂದೆ, ಬಂದ ಕಾರಣವೇನು ಎಂದು ವಿಚಾರಿಸಿ ಸಭೆಗೆ ತಿಳಿಸಿಕೊಟ್ಟ ಮೇಲೆಯೇ ರಾಜನಾದರೂ ರಾಜನಾಗುತ್ತಾನೆ. ಜಪಾನಿನ ಮೂಕಚಿತ್ರಗಳ ಕಾಲದಲ್ಲಿಯೂ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ 'ಬೆನ್ಶಿ' ಎಂಬವರಿದ್ದರು. ಕುರೊಸಾವ ಅವರ ಅಣ್ಣ ಅಂಥವರಲ್ಲೊಬ್ಬರು. ಇಷ್ಟು ದೂರವಾದರೂ ಏತಕ್ಕೆ? ನಮಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನವಿದೆ. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಆ ಕಾಲದ ನಮ್ಮ ರೈತ ಅದನ್ನು ತಾನೇ ಓದಿಕೊಂಡನೆಂದು ಯಾರೂ ಹೇಳಲಾರರು. ಕಳಿಂಗದ ಧೌಲಿಯ ಶಾಸನದಲ್ಲಿಯಾದರೋ ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಜನಕ್ಕೆ ಕೇಳಿಸಬೇಕೆಂದು ಚಕ್ರವರ್ತಿಯೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಬರೆಸಿದರೆ ಸಾಲದು, ಓದಿ ಹೇಳುವವನೊಬ್ಬ ಬೇಕೆಂಬುದು ಅವನಿಗೆ ತಿಳಿದಿದ್ದಿತು. ನನಗೆ ತಿಳಿಯಲು ಆ ಮುದುಕಿ ಬರಬೇಕಾಯಿತು. ಮೊದಲ ಸಂಜೆ ಸೋತದ್ದು ಊರಲ್ಲ, ದೆ ಸಿಕಾನೂ ಅಲ್ಲ. ಸಾರಥಿಯಾಗಬೇಕಾಗಿದ್ದ ನಾನು ರಸಭಂಗದ ಭಯದಿಂದ ಬಾಯಿ ಮುಚ್ಚಿಕೊಂಡಿದ್ದೆ.

ಮೂರನೆಯ ಸಂಜೆ

ಬೆಳಗಾಗುತ್ತಲೇ ಮಿತ್ರರನ್ನು ಕೂಡಿಸಿ, 'ರಶೋಮನ್' ಅನ್ನು ಬಿಟ್ಟು, 'ಬೈಸಿಕಲ್ ಥೀವ್ಸ್' ಚಿತ್ರವನ್ನೇ ಮತ್ತೊಮ್ಮೆ ತೋರಿಸೋಣವೆಂದೆ. ಅವರು ನನ್ನ ಮುಖವನ್ನೇ ನೋಡಿದರು. ಒಂದು ಪ್ರದರ್ಶನಕ್ಕೆ ಮಾತ್ರ ಅನುಮತಿ ಇದ್ದುದರಿಂದ ಹಕ್ಕುದಾರರ ಪ್ರತಿನಿಧಿಗೆ ಫೋನು ಮಾಡಿ ನಡೆದುದನ್ನು ಇದ್ದಂತೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಒಪ್ಪಿಗೆ ಬಂದಿತು. ಆಟೋ ಒಂದರಲ್ಲಿ ಮೈಕು ಕಟ್ಟಿಕೊಂಡು, "ಸೈಕಲ್ ಕಳಕೊಂಡವನ ಕಥಿ, ಇವತ್ತು ಕನ್ನಡದಾಗ ಹೇಳಿ ತೋರಸ್ತೀವಿ" ಎಂದು ಸಾರಿಸಿದೆವು.

ಬಂದವರು ಮೊದಲ ದಿನದ ಮೂರರಲ್ಲೊಂದು ಪಾಲು. ನಾನು ಪರದೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಯುದ್ಧ ಮುಗಿದು ಕೆಲಸವಿಲ್ಲದ ಊರು ರೋಮ್. ಗೋಡೆಗೆ ಚಿತ್ರಪತ್ರ ಅಂಟಿಸುವ ಕೆಲಸ ಇವನಿಗೆ ಸಿಕ್ಕಿದೆ. ಕೆಲಸಕ್ಕೆ ಸೈಕಲ್ ಬೇಕೇ ಬೇಕು. ಅಡವಿಟ್ಟ ಸೈಕಲನ್ನು ಬಿಡಿಸಲು ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಅಡವಿಡುತ್ತಾಳೆ. ಇಷ್ಟು ಹೇಳಿದ್ದೇ ತಡ, ಅಡವೆಂಬ ಮಾತು ನಮ್ಮ ಜನಕ್ಕೆ ಇಟಲಿಯನ್ನು ಹತ್ತಿರ ಮಾಡಿಬಿಟ್ಟಿತು. ಮೊದಲ ದಿನವೇ ಸೈಕಲ್ ಕಳವಾದಾಗ ಬಯಲಿನಲ್ಲೆಲ್ಲ ನಿಟ್ಟುಸಿರು. ಆ ಮೇಲೆ ನಾನು ಹೆಚ್ಚು ಮಾತನಾಡಬೇಕಾಗಲಿಲ್ಲ. ಎಲ್ಲಿ ಸುಮ್ಮನಿರಬೇಕೆಂಬುದನ್ನೂ ಹಿಂದಿನ ರಾತ್ರಿಯೇ ಕಲಿತಿದ್ದೆ.

ಕೊನೆಗೆ ಆ ತಂದೆ ತಾನೇ ಒಂದು ಸೈಕಲನ್ನು ಕದಿಯಲು ಹೋಗಿ, ಮಗನ ಕಣ್ಣೆದುರಿಗೇ ಸಿಕ್ಕಿಬಿದ್ದು, ಜನರಿಂದ ಏಟು ತಿಂದು, ಸೈಕಲಿನ ಒಡೆಯನ ಕನಿಕರದಿಂದ ಬಿಡುಗಡೆಯಾಗಿ, ಅಳುತ್ತ ನಡೆಯುತ್ತಾನೆ. ಹುಡುಗ ಅವನ ಕೈ ಹಿಡಿಯುತ್ತಾನೆ. ದೀಪ ಹಾಕಿದೊಡನೆ ವಾದ ಹತ್ತಿಕೊಂಡಿತು. ಕದ್ದದ್ದು ತಪ್ಪೇ ತಪ್ಪೆಂದು ಒಬ್ಬರು. ಕದ್ದವರ ಮನೆಯೂ ಅಷ್ಟೇ ಬಡವರದಾಗಿತ್ತಲ್ಲವೇ, ಹಾಗಾದರೆ ಮೊದಲ ಕಳ್ಳನಿಗೇಕೆ ಶಾಪ ಹಾಕಿದಿರೆಂದು ಇನ್ನೊಬ್ಬರು. ಬಡ್ಡಿಯ ವ್ಯವಹಾರ ಬಲ್ಲ ಹಿರಿಯರೊಬ್ಬರು, "ಅಡವಿನವನು ಆ ಚಾದರದ ಗಂಟನ್ನ ಎಲ್ಲಿ ಇಟ್ಟ ನೋಡಿದ್ರೇನು? ಅಟ್ಟದ ತನಕ ಅಂಥವೇ ಗಂಟು ಇದ್ವು. ಕಳ್ಳತನ ಅಲ್ಲಿಂದ ಸುರು ಆತು" ಎಂದರು. ಈ ಚಿತ್ರವನ್ನು ಕುರಿತು ನಾನು ಎಷ್ಟೋ ಓದಿದ್ದೇನೆ. ಅಂದು ಬಯಲಿನಲ್ಲಿ ಕುಳಿತು ಕೇಳಿದ ಆ ಮಾತಿಗಿಂತ ಹೆಚ್ಚಿನದನ್ನು ಓದಿದ ನೆನಪಿಲ್ಲ.

ಲೆಕ್ಕ

ಉತ್ಸವ ಮುಗಿದ ಮೇಲೆ ಉಳಿಯುವುದು ಲೆಕ್ಕ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಬಳಗದವರು 1980ರ ದಶಕದಲ್ಲಿ ಊರೂರು ಅಲೆದು ಚಿತ್ರ ತೋರಿಸಿ, ಜನರಿಂದಲೇ ಹಣ ಕೂಡಿಸಿ, 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಚಿತ್ರವನ್ನೇ ತೆಗೆದರು. ನಮ್ಮ ಡಬ್ಬಿಗೆ ಬಿದ್ದ ಹಣ ಜನರೇಟರಿನ ಡೀಸೆಲ್ಲಿಗೂ ಸಾಲಲಿಲ್ಲ. ರೈತರೊಬ್ಬರು ಒಂದು ಚೀಲ ಭತ್ತ ತಂದಿಟ್ಟು ಹೋದರು. ಉಳಿದ ಕೊರತೆಯನ್ನು ನಾವು ಐವರು ಹಂಚಿಕೊಂಡೆವು. ಮನೆಯವರಿಗೆ ಇನ್ನೂ ಪೂರ್ತಿ ಲೆಕ್ಕ ಒಪ್ಪಿಸಿಲ್ಲ.

ಈಗ ಎಲ್ಲರ ಜೇಬಿನಲ್ಲಿಯೂ ಪರದೆಯಿರುವಾಗ ಬಯಲಿನಲ್ಲಿ ಬಟ್ಟೆ ಕಟ್ಟುವುದೇತಕ್ಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಯೋಗ್ಯವಾದ ಪ್ರಶ್ನೆ. ಆ ಮೂರು ಚಿತ್ರಗಳನ್ನೂ ಅವನು ಮನೆಯಲ್ಲಿಯೇ ನೋಡಬಹುದು; ನನ್ನ ಪರದೆಗಿಂತ ಸ್ವಚ್ಛವಾಗಿಯೂ ನೋಡಬಹುದು. 1993ರಲ್ಲಿ ಲಂಡನ್ನಿನ ಪ್ರಯೋಗಾಲಯದ ಬೆಂಕಿಯಲ್ಲಿ ಬೆಂದ 'ಪಥೇರ್ ಪಾಂಚಾಲಿ'ಯ ಮೂಲ ಸುರುಳಿಗಳನ್ನು ತಜ್ಞರು ವರ್ಷಗಟ್ಟಲೆ ದುಡಿದು ಉಳಿಸಿ 2015ರಲ್ಲಿ ಹೊಸತರಂತೆ ಮಾಡಿದ್ದಾರೆ. ಚಿತ್ರಗಳು ಉಳಿದಿವೆ, ಅವು ಸಿಗುತ್ತವೆ. ಆದರೆ ಜೇಬಿನ ಪರದೆಯ ಮುಂದೆ ಆ ಮುದುಕಿ ಕುಳಿತಿರುವುದಿಲ್ಲ, "ಮುಂದೇನಂದ್ಲು?" ಎಂದು ಕೇಳುವ ಪಕ್ಕದವಳೂ ಇರುವುದಿಲ್ಲ. ಕಚೇರಿಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಬಹುಶಃ ಇಷ್ಟೇ. ಪುನಃ ಆ ಕಚೇರಿಗೆ ಹೋದಾಗ ಇದನ್ನು ಹೇಳಲು ಸಾಧ್ಯವಾದೀತೋ ಇಲ್ಲವೋ ತಿಳಿಯದು.

ಪುನಃ ಹೋಗುವುದುಂಟೇ ಎಂಬುದನ್ನು ನಾನಿನ್ನೂ ನಿರ್ಧರಿಸಿರಲಿಲ್ಲ. ಮೊನ್ನೆ ಸಂತೆಯಲ್ಲಿ, ಅಡವಿನ ಮಾತಾಡಿದ ಅದೇ ಹಿರಿಯರು ಎದುರಾದರು. ಕ್ಷೇಮಸಮಾಚಾರವೊಂದನ್ನೂ ಕೇಳದೆ, "ಮಾಸ್ತರ್ರೇ, ಒಂದೇ ಕೊಲಿಗೆ ನಾಲ್ಕು ಮಂದಿ ನಾಲ್ಕು ಸಾಕ್ಷಿ ಹೇಳೋ ಚಿತ್ರ ಒಂದು ಬಾಕಿ ಐತಿ ಅಂದಿದ್ರಿ. ಯಾವಾಗ?" ಎಂದರು. ಲೆಕ್ಕದ ಮನುಷ್ಯರು, ಬಾಕಿಯನ್ನು ಮರೆಯುವವರಲ್ಲ. ಕೊಯ್ಲಾಗಲಿ ಎಂದು ಹೇಳಿ ಬಂದಿದ್ದೇನೆ.